ಅಂಬ್ರಪ್ಪನ ಮುನ್ನೋಟ

ಅಂಬ್ರಪ್ಪನಿಗೆ ಹೊಗಳಲು ಬರುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಶಹಾಪುರದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಅವನು ಗುಮಾಸ್ತ. ಅಲ್ಲಿ ಯಾರು ನಿವೃತ್ತರಾದರೂ, ಯಾರಿಗೆ ವರ್ಗವಾದರೂ ಸನ್ಮಾನ ಪತ್ರ ಬರೆಯುವ ಕೆಲಸ ಅವನದೇ. ಕ್ಲಾಸಿನಲ್ಲಿ ನಿದ್ದೆ ಮಾಡುತ್ತಿದ್ದ ಮೇಷ್ಟರು ಅವನ ಬರಹದಲ್ಲಿ ಧ್ಯಾನಮಗ್ನ ಜ್ಞಾನಿಯಾಗುತ್ತಿದ್ದರು. ದಿನಕ್ಕೊಂದು ಬೀಗದಕೈ ಕಳೆಯುತ್ತಿದ್ದ ಕಾವಲುಗಾರ 'ಸಂಸ್ಥೆಯ ಎಚ್ಚರದ ಕಣ್ಣು' ಆಗಿದ್ದ. ಬಿಸಿ ಅನ್ನಕ್ಕೆ ತುಪ್ಪ ಬಡಿಸುವ ಅಜ್ಜಿಯ ಕೈಯ ಹಾಗೆ ಅವನ ಪೆನ್ನು. ಸಾಕು ಸಾಕು ಅಂದರೂ ಇನ್ನೊಂದು ಚಮಚ ಸುರಿದೇ ಬಿಡುತ್ತಿತ್ತು.

ಈ ವರ್ಷ ಜಿಲ್ಲೆಯ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಬಂತು. ನಾಲ್ಕು ತಂಡಗಳು. ಶಹಾಪುರಕ್ಕೂ ಸುರಪುರಕ್ಕೂ ಶಹಾಪುರದಲ್ಲೇ ಆಟ. ಯಾದಗಿರಿಗೂ ಭೀಮರಾಯನಗುಡಿಗೂ ಯಾದಗಿರಿಯಲ್ಲಿ. ಗೆದ್ದವರಿಗೆ ಮರುದಿನ ಯಾದಗಿರಿಯಲ್ಲೇ ಫೈನಲ್. ಊರಿನ ಪತ್ರಿಕೆಯ ವರದಿಗಾರ ಮನ್ಸೂರಅಲಿ ಬಂದು, "ತಂಡಗಳ ಬಗ್ಗೆ, ಆಡೋ ಹುಡುಗ್ಯಾರ ಬಗ್ಗೆ ಒಂದು ಮುನ್ನೋಟ ಬರಿಸಿ ಕೊಡ್ರಿ, ಅರ್ಧ ಪುಟ ಖಾಲಿ ಇಟ್ಟೀನಿ" ಅಂದಾಗ ಪ್ರಿನ್ಸಿಪಾಲ್ ಬಸವಂತರಾಯರು ನೇರವಾಗಿ ಅಂಬ್ರಪ್ಪನ ಟೇಬಲ್ಲಿಗೆ ನಡೆದರು.

"ಸಾಹೇಬ್ರ, ನನಗ ಆ ಆಟ ಅಷ್ಟು ತಿಳಿಯಂಗಿಲ್ರಿ" ಅಂದ ಅಂಬ್ರಪ್ಪ.

"ಆಟ ತಿಳಿಯೋದು ಆಡೋರಿಗಿ ಇರಲಿ. ನೀ ಹೊಗಳು. ನಾಕೂ ತಂಡ ಸಮಾ ಹೊಗಳು. ನಾಳಿ ಯಾರೂ ನನ್ನ ಮ್ಯಾಲ ಜಗಳಕ್ಕ ಬರಬಾರದು ನೋಡು."

ಅಂಬ್ರಪ್ಪ ಹೊಗಳಿದ. ಸುರಪುರ ತಂಡದ ರೇಣುಕಾದೇವಿಯ ಬಗ್ಗೆ, 'ಈಕೆಯದು ಹದ್ದಿನ ಕಣ್ಣು. ರಿಂಗು ಎಷ್ಟೇ ದೂರವಿರಲಿ, ಆ ಕಣ್ಣಿಗೆ ಅದು ಊಟದ ತಟ್ಟೆಯಷ್ಟು ಹತ್ತಿರ' ಎಂದು ಬರೆದ. ತಮ್ಮದೇ ತಂಡದ ಕ್ಯಾಪ್ಟನ್ ದುರ್ಗಾಳ ಬಗ್ಗೆ, 'ಓಡುವಾಗ ಈಕೆಯ ಪಾದ ನೆಲಕ್ಕೆ ತಾಗುತ್ತದೆಯೋ ಇಲ್ಲವೋ ಎಂದು ನೋಡುಗರು ಬಗ್ಗಿ ನೋಡಬೇಕು' ಎಂದ. ಅದೇ ತಂಡದ ಮಮ್ತಾಜಳ ಬೆರಳುಗಳಿಗೆ ಚೆಂಡು ಬೆಲ್ಲಕ್ಕೆ ಇರುವೆಯಂತೆ ಅಂಟಿಕೊಳ್ಳುತ್ತದೆ ಎಂದ. ಭಾಗ್ಯ ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಓಡಿದರೂ ಬಳಲದ ಹುಡುಗಿ ಎಂದ. ಭೀಮರಾಯನಗುಡಿಯವರ ಒಗ್ಗಟ್ಟನ್ನು, ಯಾದಗಿರಿ ತಂಡದ ತರಬೇತುದಾರರ ಸಿಂಹದಂಥ ಗಂಟಲನ್ನು ಕೊಂಡಾಡಿದ.

ತಮ್ಮ ತಂಡದ ಎಂಟು ಹುಡುಗಿಯರಲ್ಲಿ ಒಬ್ಬಳನ್ನು ಮಾತ್ರ ಬಿಟ್ಟ. ಅವಳು ಪಂಚಶೀಲಾ, ಅವನ ಮಗಳು.

ಅವಳ ಬಗ್ಗೆ ಬರೆಯಲು ಮನಸ್ಸಿರಲಿಲ್ಲವೆಂದಲ್ಲ. ಬರೆದ, ಓದಿದ, ಹೊಡೆದುಹಾಕಿದ. ಮತ್ತೆ ಬರೆದ, ಮತ್ತೆ ಹೊಡೆದುಹಾಕಿದ. ಹೆತ್ತ ಮಗಳನ್ನು ಅಪ್ಪನೇ ಪೇಪರಿನಲ್ಲಿ ಹೊಗಳಿದರೆ ಮಂದಿ ಏನಂದಾರು? ಅಲ್ಲದೆ ಆಡದವಳ ಆಟವನ್ನು ಏನೆಂದು ಹೊಗಳುವುದು? ಮೂರು ವರ್ಷದಿಂದ ಪಂಚಶೀಲಾ ತಂಡದಲ್ಲಿದ್ದಳು, ಮೂರು ವರ್ಷವೂ ಬೆಂಚಿನ ಮೇಲೆ. ಬೇರೆಯವರಿಗೆ ನೀರಿನ ಬಾಟಲಿ ಕೊಡುತ್ತ, ಟವೆಲ್ ಹಿಡಿಯುತ್ತ ಕೂತು ಬರುತ್ತಿದ್ದಳು. ಇದು ಅವಳ ಕೊನೆಯ ವರ್ಷ. ಒಂದೇ ಒಂದು ಸಲ, ಎರಡೇ ನಿಮಿಷವಾದರೂ ಸರಿ, ಮಗಳು ಚೆಂಡು ಹಿಡಿದು ಓಡುವುದನ್ನು ಕಣ್ತುಂಬ ನೋಡಬೇಕು ಎಂಬುದು ಅಂಬ್ರಪ್ಪನ ಆಸೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಹೆಂಡತಿ ಕರೆಮ್ಮನಿಗೂ.

ಪಂದ್ಯದ ದಿನ ಬೆಳಿಗ್ಗೆ ಪೇಪರು ಬಂತು. ಅರ್ಧ ಪುಟದ ತುಂಬ ಅವನ ಮುನ್ನೋಟ, ಕೆಳಗೆ ಅವನ ಹೆಸರು, ಹುಟ್ಟಿದೂರು ಬಳಿಚಕ್ರದ ಸಮೇತ. ಅಂಬ್ರಪ್ಪ ಚಹಾದ ಕಪ್ಪು ಕೆಳಗಿಟ್ಟು ತನ್ನ ಬರಹವನ್ನು ತಾನೇ ಎರಡನೇ ಸಲ ಓದುತ್ತಿದ್ದಾಗ ಪಕ್ಕದ ಮನೆಯ ಚಮನಬೀ ಒಳಗೆ ಬಂದಳು. ಹಿಂದೆ ಮಗಳು ಮಮ್ತಾಜ, ಕೈಯನ್ನು ದೀಪ ಹಿಡಿದ ಹಾಗೆ ಮುಂದೆ ಹಿಡಿದುಕೊಂಡು.

"ನೋಡ್ರಿ ಅಂಬ್ರಪ್ಪಣ್ಣಾರ, ನೋಡ್ರಿ! ನೀವು ಬರ್ದ ಬೆರಳು!"

ಮಮ್ತಾಜಳ ನಡುಬೆರಳು ಬದನೆಕಾಯಿಯಂತೆ ಊದಿತ್ತು, ಬಣ್ಣವೂ ಅದೇ.

"ಅಯ್ಯಯ್ಯ, ಏನಾತವ್ವ?"

"ಏನಾಗ್ಬೇಕ್ರಿ? ಮನ್ಯಾಗ ಎಲ್ಲಾರೂ ಕೂತು ಪೇಪರ್ ಓದಿದಿವಿ. 'ಬೆರಳಿಗೆ ಚೆಂಡು ಅಂಟಿಕೊಳ್ಳುತ್ತದೆ' ಅಂತ ಆಕಿ ಅಣ್ಣ ಜೋರಾಗಿ ಓದಿದ. ಈಕಿ ನಾಚಿ ಹೊರಗ ಓಡಿದ್ಲು. ಬಾಗಲ ಧಡಕ್ಕನೆ ಬಿತ್ತು. ಬೆರಳು ನಡುವ! ನಜರ್ ಅಲ್ದ ಮತ್ತೇನ್ರಿ ಇದು?"

ಅಂಬ್ರಪ್ಪನಿಗೆ ನಗು ಬಂತು. ಹುಣ್ಣಿಮೆಗೊಮ್ಮೆ ಬುದ್ಧ ವಿಹಾರದಲ್ಲಿ ನಿಂತು ಮೂಢನಂಬಿಕೆಯ ವಿರುದ್ಧ ಮಾತಾಡುವವನು ಅವನು. "ಚಮನಬೀ, ಕಣ್ಣಿಂದ ಬರೇ ನೋಡಾಕ ಬರ್ತದ. ಬಾಗಲ ಹಾಕಾಕ ಬರಂಗಿಲ್ಲ. ಐಸ್ ಹಚ್ಚಿ ದವಾಖಾನಿಗಿ ಕರ್ಕೊಂಡು ಹೋಗ್ರಿ" ಅಂದ.

ಚಮನಬೀ ಮಗಳನ್ನು ಕರೆದುಕೊಂಡು ಹೊರಟಳು. ಹೋಗುವಾಗ ಮಾತ್ರ ಅವನ ಅಂಗಿಯ ಚುಂಗಿನಿಂದ ಒಂದು ಎಳೆ ಕಿತ್ತುಕೊಂಡು ಹೋದಳು.

ಯಾರ ಕಣ್ಣು ತಾಗಿತೋ ಅವರ ಬಟ್ಟೆಯ ಒಂದೆಳೆ, ಕಾಲಡಿಯ ಚಿಟಿಕೆ ಮಣ್ಣು, ಜೊತೆಗೆ ಉಪ್ಪು, ಒಣಮೆಣಸಿನಕಾಯಿ. ಇಷ್ಟನ್ನು ಮಗುವಿಗೆ ನಿವಾಳಿಸಿ ಬೆಂಕಿಗೆ ಹಾಕಿದರೆ ನದರು ಇಳಿಯುತ್ತದೆ ಎಂಬುದು ಆ ಸೀಮೆಯ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಬ್ರಪ್ಪನಿಗೂ ಅದು ಗೊತ್ತಿತ್ತು. ಅದರ ಮೇಲೆ ಭಾಷಣವನ್ನೇ ಮಾಡಿದ್ದ.

"ಮೂಢರು" ಎಂದು ಗೊಣಗಿ ಕಾಲೇಜಿಗೆ ಹೊರಟ.

ದಾರಿಯಲ್ಲಿ ಹಿಂದಿನಿಂದ ಏನೋ ಸರಸರ ಸದ್ದು. ನಿಂತ; ಸದ್ದೂ ನಿಂತಿತು. ನಡೆದ, ಸದ್ದೂ ನಡೆಯಿತು. ಥಟ್ಟನೆ ತಿರುಗಿದರೆ ಕ್ಯಾಪ್ಟನ್ ದುರ್ಗಾಳ ತಾಯಿ ಅಮೃತಮ್ಮ ಅವನು ಕಾಲೆತ್ತಿದ ಜಾಗದಲ್ಲೇ ಕುಕ್ಕರುಗಾಲಲ್ಲಿ ಕೂತು, ಸೆರಗಿನ ತುದಿಗೆ ಮಣ್ಣು ಕಟ್ಟಿಕೊಳ್ಳುತ್ತಿದ್ದಳು.

"ಅಮೃತಮ್ಮಾರ! ಏನು ಮಾಡಾಕತ್ತೀರಿ?"

"ನಿಮ್ಮ ಪಾದದ ಮಣ್ಣು ತಗೊಳಾಕತ್ತೀನ್ರಿ. ನೀವು ನಡಿರಿ, ಇದು ಸಾಲಂಗಿಲ್ಲ. ಈ ಡಾಂಬರ್ ರೋಡಿನ್ಯಾಗ ಮಣ್ಣೇ ಸಿಗವಲ್ದು. ಈಟು ಅಂಚಿಗಿ ನಡಿರಿ."

"ಯಾಕ್ರಿ?"

"ಯಾಕಂತೀರಲ್ಲ! 'ಪಾದ ನೆಲಕ್ಕ ತಾಗಂಗಿಲ್ಲ' ಅಂತ ಬರ್ದವ್ರು ನೀವಽ ಅಲ್ಲೇನು? ಮುಂಜಾನಿ ನನ್ನ ಮಗಳು ಅಂಗಳಕ್ಕ ನೀರು ಹೊಡ್ಯಾಕ ಹೋಗಿ ಜಾರಿ ಬಿದ್ದಾಳ. ಕಣಕಾಲು ಹಿಂಗ ಊದ್ಯಾದ. ಈಗ ಖರೇನೇ ನೆಲಕ್ಕ ತಾಗಸಾಕ ಆಗವಲ್ದು ಆಕಿಗಿ!"

ಅಂಬ್ರಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂದು ಬೆರಳು ಆಕಸ್ಮಿಕ, ಸರಿ. ಒಂದು ಕಣಕಾಲೂ ಆಕಸ್ಮಿಕವೇ. ಆದರೆ ಬರೆದದ್ದೇ ಬೆರಳು, ಊದಿದ್ದೇ ಬೆರಳು, ಬರೆದದ್ದೇ ಪಾದ... ಅವನು ತಲೆ ಕೊಡವಿಕೊಂಡ. ವಿಹಾರದ ಭಾಷಣ ನೆನಪಿಸಿಕೊಂಡ. ಆದರೂ, ತನಗೇ ಗೊತ್ತಿಲ್ಲದ ಹಾಗೆ, ರಸ್ತೆಯ ಅಂಚಿಗೆ ಸರಿದು ಮಣ್ಣಿನ ಮೇಲೆ ನಾಲ್ಕು ಹೆಜ್ಜೆ ನಡೆದ. ಪಾಪ, ಹೆತ್ತ ತಾಯಿ. ಅಷ್ಟಾದರೂ ಸಮಾಧಾನವಾಗಲಿ ಎಂದು.

ಕಾಲೇಜಿನ ಆಫೀಸಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಭೀಮರಾಯನಗುಡಿ ತಂಡದ ಮ್ಯಾನೇಜರು.

"ಅಂಬ್ರಪ್ಪನವರಽ ಏನ್ರಿ? ಏನು ಬರ್ದೀರಿ ಮಾರಾಯ್ರ! 'ಒಂದೇ ತಾಯಿಯ ಮಕ್ಕಳಂಥ ಒಗ್ಗಟ್ಟು' ಅಂತ ಬರ್ದೀರಿ, ಮುಂಜಾನಿಂದ ಏಳು ನಂಬರ್ ಜರ್ಸಿಗಿ ಜಡಿ ಹಿಡ್ಕೊಂಡು ಜಗಳಾ ಆಡಾಕತ್ತಾರ! ಇಬ್ಬರು ಬಸ್ ಹತ್ತಂಗಿಲ್ಲ ಅಂತ ಕುಂತಾರ!"

ಇಟ್ಟ ಕೂಡಲೇ ಇನ್ನೊಂದು. ಈ ಸಲ ಯಾದಗಿರಿ. ಆ ಕಡೆಯಿಂದ ಬರೀ ಗಾಳಿಯಂಥ ಸದ್ದು, ಒಲೆ ಊದುವ ಹಾಗೆ. ಸ್ವಲ್ಪ ಹೊತ್ತಿಗೆ ಬೇರೆ ಯಾರೋ ಫೋನು ತೆಗೆದುಕೊಂಡು ವಿವರಿಸಿದರು: "ಇಷ್ಟೊತ್ತು ಮಾತಾಡಿದವ್ರು ನಮ್ಮ ತರಬೇತುದಾರ್ರು ರಿ. ಸಿಂಹದ ಗಂಟಲು ಅಂತ ಬರ್ದಿದ್ರಲ್ಲ, ಅವ್ರೇ. ಗಂಟಲು ಕುಂತ್ಬಿಟ್ಟದ. ನಿಮಗ ಬೈಯಾಕತ್ತಿದ್ರು. ಕೇಳ್ಸಿಲ್ಲೇನು?"

ಅಂಬ್ರಪ್ಪ ಫೋನು ಕೆಳಗಿಟ್ಟ. ಆಗಲೇ ದೈಹಿಕ ಶಿಕ್ಷಣದ ಮೇಷ್ಟರು ರಾಮಲಿಂಗ ಒಳಗೆ ಬಂದರು. ಕೊರಳಲ್ಲಿ ಸೀಟಿ, ಮುಖದಲ್ಲಿ ರಕ್ತವೇ ಇಲ್ಲ. ಹಿಂದೆ ಅಮೃತಮ್ಮ, ಚಮನಬೀ, ಇನ್ನೂ ನಾಲ್ಕೈದು ತಾಯಂದಿರು.

"ಅಂಬ್ರಪ್ಪ, ಭಾಗ್ಯಳಿಗಿ ಜ್ವರ ಬಂದಾವಂತ. ನಿಂದ್ರಾಕ ಆಗವಲ್ದಂತ. ಬಳಲದ ಹುಡಗಿ ಅಂತ ಬರ್ದಿದ್ದಿಯಲ್ಲ, ಮಕಾಡೆ ಮಲಗ್ಯಾಳ."

"ಹಂಗಾದ್ರ ಆಟ?" ಎಂದು ಕೇಳಿದ ಅಂಬ್ರಪ್ಪ.

"ಎಂಟರಾಗ ಮೂರು ಹೋದ್ರು. ಉಳದವ್ರು ಐದೇ. ಐದು ಮಂದಿ ಇರಲಿಲ್ಲಂದ್ರ ಆಟ ಇಲ್ಲ. ಇವತ್ತು ನಿಮ್ಮ ಪಂಚಶೀಲಾ ಸುರುವಿಂದ ಕಡೀತನಕ ಆಡಬೇಕು."

ಸುರುವಿನಿಂದ ಕಡೆಯತನಕ! ಎರಡು ನಿಮಿಷ ಬಯಸಿದವನಿಗೆ ಇಡೀ ಆಟ! ಅಂಬ್ರಪ್ಪ ಎಷ್ಟು ತಡೆದರೂ ಮುಖ ಅವನ ಮಾತು ಕೇಳಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಉಬ್ಬಿದ ಹಾಗೆ ಕೆನ್ನೆ ಉಬ್ಬಿತು, ತುಟಿ ಅಗಲವಾಯಿತು, ಹಲ್ಲು ಕಂಡವು.

"ನಗಾಕತ್ತಾನ ನೋಡ್ರೆ!" ಎಂದು ಅಮೃತಮ್ಮ ಕೂಗಿದಳು. "ಮಂದಿ ಮಕ್ಕಳು ಬಿದ್ದಾರಂದ್ರ ನಗಾಕತ್ತಾನ!"

ಚಮನಬೀ ಪೇಪರು ಬಿಚ್ಚಿ ಟೇಬಲ್ಲಿನ ಮೇಲೆ ಬಡಿದಳು. "ತಡಿರಿ, ತಡಿರಿ. ಎಂಟು ಹುಡುಗ್ಯಾರು. ಇದ್ರಾಗ ಏಳು ಹೆಸರು ಅದಾವ. ಎಂಟನೇದು ಎಲ್ಲ್ಯದ?"

ತಾಯಂದಿರೆಲ್ಲ ಪೇಪರಿನ ಮೇಲೆ ಬಗ್ಗಿದರು.

"ತನ್ನ ಮಗಳ ಹೆಸರು ಬಿಟ್ಟಾನ!"

"ಆಕಿಗಿ ತನ್ನ ಕಣ್ಣು ತಾಗಬಾರದಂತ ಬಿಟ್ಟಾನ!"

"ಉಳದವ್ರು ಬೀಳಲಿ, ತನ್ನ ಮಗಳು ಆಡಲಿ ಅಂತ! ಅಬ್ಬಬ್ಬಾ, ಎಂಥಾ ತಲಿರೀ!"

ಅಂಬ್ರಪ್ಪ ದಿಗ್ಭ್ರಮೆಗೊಂಡು ನಿಂತ. ಯಾವ ಸಂಕೋಚಕ್ಕೆ ಮಗಳ ಹೆಸರನ್ನು ಮತ್ತೆ ಮತ್ತೆ ಹೊಡೆದುಹಾಕಿದ್ದನೋ ಅದೇ ಈಗ ಅವನ ಕೊರಳಿಗೆ ಬಿದ್ದಿತ್ತು. "ಅವ್ವಾರ, ಸ್ವಂತ ಮಗಳನ್ನ ಹೊಗಳಬಾರದು ಅಂತ ನಾನು..." ಎಂದು ಶುರುಮಾಡಿದ.

"ಯಾಕ ಹೊಗಳಬಾರದು? ಹೊಗಳಿದ್ರ ಏನಾಗ್ತದ ಅಂತ ನಿಮಗ ಗೊತ್ತಿತ್ತಲ್ಲ, ಅದಕ್ಕೇ!"

ಅದಕ್ಕೆ ಉತ್ತರವನ್ನು ಅಂಬ್ರಪ್ಪ ತನ್ನ ವಿಹಾರದ ಭಾಷಣಗಳಲ್ಲೆಲ್ಲ ತಡಕಿದ. ಯಾವುದರಲ್ಲೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನ ಅಂಗಿಯ ಚುಂಗು ಜೋಳದ ತೆನೆಯ ತುದಿಯಂತೆ ಕೂದಲು ಕೂದಲಾಗಿತ್ತು. ಬಂದವರೆಲ್ಲ ಒಂದೊಂದು ಎಳೆ ಕಿತ್ತುಕೊಂಡು ಹೋಗಿದ್ದರು. ಬೀಳದ ನಾಲ್ವರು ಹುಡುಗಿಯರ ತಾಯಂದಿರೂ, ಇರಲಿ ಎಂದು ಮುಂಗಡವಾಗಿ. ಕಾಲೇಜಿನ ಹಿಂದಿನಿಂದ ಮೆಣಸಿನಕಾಯಿ ಸುಟ್ಟ ಹೊಗೆ ಎದ್ದು ಬಿ.ಎ. ಎರಡನೇ ವರ್ಷದ ಕ್ಲಾಸಿಗೆ ಕ್ಲಾಸೇ ಕೆಮ್ಮುತ್ತಿತ್ತು.

ಅಷ್ಟರಲ್ಲಿ ಸುರಪುರ ತಂಡದ ಟೆಂಪೋ ಬಂತು. ಹುಡುಗಿಯರು ಇಳಿದರು. ಎಲ್ಲರಿಗಿಂತ ಕೊನೆಗೆ ರೇಣುಕಾದೇವಿ ಇಳಿದಳು. ಹೌದು, ಎತ್ತರದ ಹುಡುಗಿ. ಇಳಿಯುವಾಗ ಬಗ್ಗಿಯೇ ಇಳಿದಳು. ಕಣ್ಣಿಗೆ ಕರಿ ಕನ್ನಡಕ ಹಾಕಿಕೊಂಡಿದ್ದಳು.

"ಯಾಕವ್ವ, ಕನ್ನಡಕ?" ಎಂದು ರಾಮಲಿಂಗ ಮೇಷ್ಟರು ಅಳುಕುತ್ತ ಕೇಳಿದರು.

ಅವಳು ಕನ್ನಡಕ ತೆಗೆದಳು. ಎರಡೂ ಕಣ್ಣು ಟೊಮೆಟೊ. "ಕಣ್ಣು ಬಂದಾವ್ರಿ ಸರ್. ನಿನ್ನಿ ರಾತ್ರಿ ಒಂದೀಟು ಚುಚ್ಚಾಕತ್ತಿತ್ತು. ಮುಂಜಾನಿ ಪೇಪರ್ ಓದಾಕ ಹೋದೆ, ತೆರಿಯಾಕೇ ಆಗಲಿಲ್ಲ. ಗೆಳತ್ಯಾರು ಓದಿ ಹೇಳಿದ್ರು, ಹದ್ದಿನ ಕಣ್ಣು ಅಂತ."

ಗುಂಪು ಒಟ್ಟಿಗೆ ಅಂಬ್ರಪ್ಪನ ಕಡೆ ತಿರುಗಿತು. ಅಂಬ್ರಪ್ಪ ತನ್ನೆರಡೂ ಕಣ್ಣುಗಳನ್ನು ಅಂಗೈಯಿಂದ ಮುಚ್ಚಿಕೊಂಡ. ಯಾರೂ ಹೇಳದೆಯೇ ಮುಚ್ಚಿಕೊಂಡ. ಆಮೇಲೆ ಅದಕ್ಕೆ ಅವನಿಗೇ ನಾಚಿಕೆಯಾಯಿತು.

ಆಗ ಜನರ ನಡುವಿನಿಂದ ಕರೆಮ್ಮ ಬಂದಳು, ಗಂಡನಿಗೆ ಬುತ್ತಿ ತೆಗೆದುಕೊಂಡು. ಅವಳನ್ನು ಕಂಡು ಅಂಬ್ರಪ್ಪನಿಗೆ ಹೋದ ಜೀವ ಬಂದಂತಾಯಿತು. ಮದುವೆಯಾದಾಗಿನಿಂದ ಅವನ ಜೊತೆ ವಿಹಾರಕ್ಕೆ ಬರುವವಳು, ಮಗಳಿಗೆ ಒಂದು ದೃಷ್ಟಿಬೊಟ್ಟು ಇಟ್ಟವಳಲ್ಲ. ಇಡೀ ಶಹಾಪುರದಲ್ಲಿ ತನ್ನ ಕಡೆ ಇರುವ ಒಂದೇ ಒಂದು ಜೀವ!

"ಕರೆಮ್ಮ, ನೋಡು ಈ ಮಂದಿ ಹುಚ್ಚು! ನೀನಾದ್ರೂ ಹೇಳು ಇವರಿಗಿ."

"ನೀವು ಊಟ ಮಾಡ್ರಿ ಮೊದ್ಲ. ಮುಖ ನೋಡ್ರಿ, ಹ್ಯಾಂಗ ಬಾಡ್ಯಾದ" ಎಂದು ಕರೆಮ್ಮ ಬುತ್ತಿ ಬಿಚ್ಚಿದಳು. ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಮಾತಾಡಿಸುತ್ತ, ರೊಟ್ಟಿಗೆ ಪಲ್ಯ ಹಚ್ಚಿ ಕೈಗೆ ಕೊಟ್ಟಳು. ಅವನು ಮೊದಲ ತುತ್ತು ಬಾಯಿಗಿಡುವಾಗ ಬೆನ್ನ ಹಿಂದೆ ಅಂಗಿ ಸಣ್ಣಗೆ ಜಗ್ಗಿತು.

ತಿರುಗಿ ನೋಡಿದ. ಕರೆಮ್ಮನ ಬೆರಳಲ್ಲಿ ಬಿಳಿ ಎಳೆ.

"ಕರೆಮ್ಮ! ನೀನೂ?"

"ನಾ ನಂಬಂಗಿಲ್ರಿ. ನಾ ಎಲ್ಲಿ ನಂಬ್ತೀನಿ?" ಎಂದಳು ಕರೆಮ್ಮ, ಎಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ಆದ್ರ ಪಂಚು ಮೊದಲನೇ ಸಲ ಆಡಾಕತ್ತಾಳ. ಸುಮ್ನ ಇರಲಿ ಅಂತ."

ಅಂಬ್ರಪ್ಪ ಉಳಿದ ರೊಟ್ಟಿಯನ್ನು ಬುತ್ತಿಗೇ ಹಾಕಿ ಕಟ್ಟಿಟ್ಟ.

ಆಟದ ಹೊತ್ತಾಯಿತು. ಅಮೃತಮ್ಮ ಪ್ರಿನ್ಸಿಪಾಲರ ಮುಂದೆ ನಿಂತು ಒಂದೇ ಮಾತು ಹಿಡಿದಳು: ಅಂಬ್ರಪ್ಪ ಮೈದಾನದಲ್ಲಿ ಇರಕೂಡದು. ಉಳಿದ ಐದು ಹುಡುಗಿಯರಲ್ಲಿ ಒಬ್ಬಳು ಬಿದ್ದರೂ ಆಟ ಮುಗಿದಂತೆ. ಸುರಪುರದವರೂ ಅದನ್ನೇ ಹೇಳಿದರು. ಎದುರಾಳಿ ತಂಡಗಳು ಆ ದಿನ ಒಪ್ಪಿದ ಒಂದೇ ಮಾತು ಅದು.

"ಸಾಹೇಬ್ರ" ಎಂದ ಅಂಬ್ರಪ್ಪ. ಎರಡೂ ಕೈ ಮುಗಿದ. "ಏನು ಬೇಕಾದ್ರೂ ಮಾಡ್ರಿ, ಹೊರಗ ಮಾತ್ರ ಹಾಕಬ್ಯಾಡ್ರಿ. ನನ್ನ ಮಗಳು ಆಡಾಕತ್ತಾಳ್ರಿ. ಮೂರು ವರ್ಷ ಆತ್ರಿ ಸಾಹೇಬ್ರ."

ಬಸವಂತರಾಯರಿಗೂ ಹೆಣ್ಣುಮಕ್ಕಳಿದ್ದರು. ಅವರು ತಲೆ ಕೆರೆದುಕೊಂಡು ನ್ಯಾಯ ಹೇಳಿದರು: "ಆತ ಇರಲಿ. ಆದ್ರ ನೋಡಬಾರದು."

ಹೀಗೆ ಮೈದಾನದ ಅಂಚಿನಲ್ಲಿ, ಕಾಂಪೌಂಡಿನ ಕಡೆ ಮುಖ ಮಾಡಿ ಒಂದು ಕುರ್ಚಿ ಹಾಕಿದರು. ಅದರ ಮೇಲೆ ಅಂಬ್ರಪ್ಪ. ಅವನು ತಿರುಗದಂತೆ ಕಾಯಲು ಪಕ್ಕದಲ್ಲಿ ಚಮನಬೀ. ಅವನ ಮೂಗಿನಿಂದ ಒಂದು ಮೊಳ ದೂರದಲ್ಲಿ ಗೋಡೆ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ 'ಇಲ್ಲಿ ಮೂತ್ರ ಮಾಡಬಾರದು'.

ಸೀಟಿ ಊದಿತು. ಬೆನ್ನ ಹಿಂದೆ ಧಪಧಪ ಚೆಂಡು, ಬೂಟುಗಳ ಕಿರುಗುಟ್ಟುವಿಕೆ, ನೂರಾರು ಗಂಟಲು. ಅಂಬ್ರಪ್ಪನ ಕಿವಿ ಎರಡೂ ಹಿಂದಕ್ಕೆ ತಿರುಗಿದವು, ಮೊಲದ ಕಿವಿಯ ಹಾಗೆ.

"ಚಮನಬೀ, ಏನು ನಡದದ್ರಿ?"

"ಓಡಾಕತ್ತಾರ."

"ಯಾರು?"

"ಎಲ್ಲಾರೂ."

"ಚೆಂಡು ಯಾರ ಕೈಯಾಗದ?"

"ಈಗ ಮ್ಯಾಲ ಹೋತು. ಹಾಂ, ತಳಗ ಬಂತು. ಮತ್ತ ಮ್ಯಾಲ ಹೋತು."

"ಪಂಚಶೀಲಾ ಏನು ಮಾಡಾಕತ್ತಾಳ್ರಿ?"

ಚಮನಬೀ ಕಣ್ಣು ಕಿರಿದು ಮಾಡಿ ನೋಡಿದಳು. "ಬೆವರಾಕತ್ತಾಳ."

ಮೈದಾನ ಭೋರ್ಗರೆಯಿತು. ಅಂಬ್ರಪ್ಪ ಕುರ್ಚಿಯಿಂದ ಅರ್ಧ ಎದ್ದ. ಚಮನಬೀ ಅವನ ಹೆಗಲಿಗೆ ಕೈಯಿಟ್ಟು ಹಿಟ್ಟು ಅದುಮುವ ಹಾಗೆ ಅದುಮಿ ಕೂರಿಸಿದಳು.

"ಏನಾತು? ಯಾರು ಹಾಕಿದ್ರು?"

"ನಿಮ್ಮ ಮಗಳ್ರಿ! ಅಲ್ಲಾ! ಅಷ್ಟು ದೂರಿಂದ ಒಗದ್ಲು, ಸೀದಾ ಬುಟ್ಟ್ಯಾಗ!"

"ಹ್ಯಾಂಗ ಒಗದ್ಲು? ಒಂದು ಕೈಲೋ, ಎರಡೂ ಕೈಲೋ? ಜಿಗದ್ಲೋ, ನಿಂತೇ ಒಗದ್ಲೋ?"

"ಅದನ್ನ ನಾ ನೋಡ್ಲಿಲ್ಲ. ನಿಮ್ಮನ್ನ ನೋಡಾಕತ್ತಿದ್ದೆ, ತಿರಗ್ತೀರಿ ಏನೋ ಅಂತ."

ಅಂಬ್ರಪ್ಪ ಗೋಡೆಗೆ ಹಣೆ ಹಚ್ಚಿದ. ಮತ್ತೆ ಭೋರ್ಗರೆತ. ಮತ್ತೆ "ಪಂಚು! ಪಂಚು!" ಎಂಬ ಕೂಗು. ಬೆಳಿಗ್ಗೆಯಿಂದ ಅವನನ್ನು ಶಪಿಸಿದ್ದ ಗಂಟಲುಗಳೇ ಈಗ ಅವನ ಮಗಳ ಹೆಸರು ಕೂಗುತ್ತಿದ್ದವು. ಅದರಲ್ಲಿ ಕರೆಮ್ಮನ ಗಂಟಲನ್ನೂ ಅವನು ಗುರುತು ಹಿಡಿದ. ಮನೆಯಲ್ಲಿ ಜೋರಾಗಿ ಮಾತಾಡದ ಹೆಂಗಸು, ಅಲ್ಲಿ ಹಾಲು ಉಕ್ಕಿದ ಹಾಗೆ ಉಕ್ಕುತ್ತಿದ್ದಳು. ಊರಿಗೆ ಊರೇ ಅವನ ಮಗಳನ್ನು ನೋಡುತ್ತಿತ್ತು. ಅವನೊಬ್ಬ ಮಾತ್ರ 'ಇಲ್ಲಿ ಮೂತ್ರ ಮಾಡಬಾರದು' ಎಂಬುದನ್ನು ನೋಡುತ್ತಿದ್ದ. ಅದರಲ್ಲಿ 'ಮೂ' ಅಕ್ಷರದ ಬಣ್ಣ ಸೋರಿ ಕೆಳಗಿಳಿದಿತ್ತು. ಅದೂ ಅಳುತ್ತಿದ್ದ ಹಾಗಿತ್ತು.

ಕೊನೆಯ ಗಳಿಗೆಗೆ ಎರಡೂ ಕಡೆ ಸಮ ಸಮ ಎಂದು ಯಾರೋ ಕೂಗಿದರು. ಮೈದಾನ ಉಸಿರು ಹಿಡಿಯಿತು. ಆ ಮೌನದಲ್ಲಿ ಒಂದೇ ಒಂದು ಚೆಂಡು ನೆಲಕ್ಕೆ ಬಡಿಯುವ ಸದ್ದು. ಧಪ್. ಧಪ್. ಆಮೇಲೆ ಅದೂ ಇಲ್ಲ. ಚೆಂಡು ಗಾಳಿಯಲ್ಲಿದೆ ಎಂದು ಅಂಬ್ರಪ್ಪನಿಗೆ ಬೆನ್ನಿನಲ್ಲೇ ಗೊತ್ತಾಯಿತು. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

ಆಕಾಶ ಕಳಚಿ ಬಿದ್ದಂಥ ಕೂಗು. ಸೀಟಿ.

ಅವನು ತಿರುಗಿದಾಗ ಆಟ ಮುಗಿದಿತ್ತು. ಕಂಡದ್ದು ಒಂದು ದೊಡ್ಡ ಗುಂಪು, ಅದರ ನಡುವೆ ಮೇಲೆದ್ದ ಎರಡು ಕೈ, ಮಗಳ ಜಡೆಯ ರಿಬ್ಬನ್ನು. ಅಷ್ಟೇ.

ಎಲ್ಲರೂ ಅವನ ಕಡೆ ಓಡಿ ಬಂದರು. ಅಂಬ್ರಪ್ಪ ಅಂಗಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ಆದರೆ ಯಾರೂ ಎಳೆ ಕೀಳಲಿಲ್ಲ. ಅಮೃತಮ್ಮ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ಅಣ್ಣಾರ, ನೀವು ತಿರಗಿ ಕುಂತ್ರಲ್ಲ, ಅದಕ್ಕೇ ಗೆದ್ದಿವಿ! ನಾಳಿ ಯಾದಗಿರಿಗೂ ನೀವು ಬರಬೇಕು. ಹಿಂಗೇ ಕುಂದ್ರಬೇಕು!"

"ಬರ್ತಾನ, ಬರ್ತಾನ" ಎಂದರು ಬಸವಂತರಾಯರು. "ನಾ ಡ್ಯೂಟಿ ಹಾಕ್ತೀನಿ. ಅಂಬ್ರಪ್ಪ, ನಾಳಿ ತಂಡದ ಜೋಡಿ ಹೋಗೋದು, ಕುರ್ಚಿ ಹಾಕ್ಸಿ ಮೈದಾನಕ್ಕ ಬೆನ್ನು ಮಾಡಿ ಕುಂದ್ರೋದು. ಇದು ಆಫೀಸ್ ಕೆಲಸ ಅಂತ ತಿಳಿ."

ಅಂಬ್ರಪ್ಪನಿಗೆ ಈಗ ನಿಜಕ್ಕೂ ಸಿಟ್ಟು ಬಂತು. ಬೆಳಿಗ್ಗೆಯಿಂದ ನುಂಗಿದ್ದೆಲ್ಲ ಒಟ್ಟಿಗೆ ಮೇಲೆ ಬಂತು. "ಇದೆಲ್ಲ ಸುಳ್ಳು! ನನ್ನ ಕಣ್ಣಿಗಿ ಏನೂ ಶಕ್ತಿ ಇಲ್ಲ! ಗೆದ್ದಾಳಂದ್ರ ಆಕಿ ಆಡಿ ಗೆದ್ದಾಳ! ಪಂಚು, ಬಾ ಇಲ್ಲಿ. ನೀ ಓದಿದಾಕಿ, ನೀ ಹೇಳು ಇವರಿಗಿ. ನದರು ಅಂಬೋದು ಅದ ಏನು?"

ಪಂಚಶೀಲಾ ಗುಂಪು ಬಿಡಿಸಿಕೊಂಡು ಬಂದಳು. ಮುಖ ಕೆಂಪಗೆ, ಕೂದಲು ಹಣೆಗೆ ಅಂಟಿತ್ತು.

"ಇಲ್ಲಪ್ಪ. ನದರೂ ಇಲ್ಲ, ಗಿದರೂ ಇಲ್ಲ" ಎಂದಳು ಎಲ್ಲರಿಗೂ ಕೇಳುವ ಹಾಗೆ.

"ಕೇಳಿದ್ರೇನು?" ಎಂದು ಅಂಬ್ರಪ್ಪ ಗುಂಪಿನ ಕಡೆ ನೋಡಿ ಎದೆ ಉಬ್ಬಿಸಿದ. "ನಾಳಿ ನಾನು ಮುಂದಿನ ಸಾಲಿನ್ಯಾಗ ಕುಂದ್ರಾವ!"

ಪಂಚಶೀಲಾ ಅವನ ಕೈ ಹಿಡಿದು ನಾಲ್ಕು ಹೆಜ್ಜೆ ಆಚೆ ಕರೆದುಕೊಂಡು ಹೋದಳು. ದನಿ ಇಳಿಸಿದಳು.

"ಅಪ್ಪಾ, ನಾಳಿನೂ ಹಿಂದಕ್ಕ ತಿರಗೇ ಕುಂದ್ರಪ್ಪ."

"ಏನು?"

"ಸಿಟ್ಟಿಗಿ ಬರಬ್ಯಾಡ. ನೀ ನೋಡಾಕತ್ತೀ ಅಂದ್ರ ನನ್ನ ಕೈ ನಡಗ್ತಾವಪ್ಪ. ಎಲ್ಲಿ ಚೆಂಡು ಬಿಡ್ತೀನೋ, ಎಲ್ಲಿ ನಿನ್ನ ಮುಖ ಸಣ್ಣದಾಗ್ತದೋ ಅಂತ. ಮೂರು ವರ್ಷನೂ ಆರಿಸೋ ದಿನ ನೀ ಬಂದು ನಿಂತೀ, ಮೂರು ವರ್ಷನೂ ನಾ ಚೆಂಡು ಬಿಟ್ಟೀನಿ. ರಾಮಲಿಂಗ ಸರ್ ನನ್ನ ಬೆಂಚಿಗಿ ಕೂಡ್ಸದ್ರು. ಇವತ್ತು ನಿನ್ನ ಬೆನ್ನು ನೋಡ್ದೆ. ಎಷ್ಟು ಹಗುರಾತು ಗೊತ್ತೇನು?"

ಬೆರಳು ಊದಿದಾಗ, ಗಂಟಲು ಕುಂತಾಗ, ಹೆಂಡತಿಯ ಕೈಯಲ್ಲಿ ಎಳೆ ಕಂಡಾಗ ಆಗದಂಥ ಆಘಾತ ಅಂಬ್ರಪ್ಪನಿಗೆ ಈಗ ಆಯಿತು. ಊರಿನವರು ಹೇಳಿದ ಒಂದು ಮಾತೂ ಅವನು ನಂಬಿರಲಿಲ್ಲ. ಮಗಳು ಹೇಳಿದ್ದನ್ನು ನಂಬದಿರುವುದು ಹೇಗೆ? ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಎಲ್ಲಿ ಸಣ್ಣದಾಯಿತೋ ಎಂದು.

ಅವನು ಕಷ್ಟಪಟ್ಟು ಮುಖವನ್ನು ಅಗಲ ಮಾಡಿದ.

"ಹಂಗಾದ್ರ ಹಂಗೇ ಆಗಲೇಳವ್ವ" ಎಂದ. "ಕಡೀ ಬುಟ್ಟಿ ಹ್ಯಾಂಗ ಹಾಕಿದಿ, ಅದನ್ನರ ಹೇಳು."

"ಅದೇನಪ್ಪ... ಚೆಂಡು ನನ್ನ ಕೈಗಿ ಬಂತು... ಬಂದ ಕೂಡ್ಲೆ ನಾನು... ಅಂದ್ರ ಎಡಕ್ಕ... ಅಲ್ಲ, ಬಲಕ್ಕ..." ಪಂಚಶೀಲಾ ತೊದಲಿದಳು. ಕೈ ಮೇಲೆತ್ತಿ ತೋರಿಸಲು ಹೋದಳು, ಆ ಕೈ ಗಾಳಿಯಲ್ಲೇ ನಡುಗಿ ನಿಂತಿತು.

ಅಂಬ್ರಪ್ಪ ಒಂದು ಕ್ಷಣ ಆ ಕೈಯನ್ನು ನೋಡಿದ. ಆಮೇಲೆ ಮೆಲ್ಲಗೆ ಅವಳಿಗೆ ಬೆನ್ನು ತಿರುಗಿಸಿ ನಿಂತ.

"ಹಾಂ, ಈಗ ಹೇಳವ್ವ" ಎಂದ.